ಪತ್ತನಾಜೆ ಕಳೆದರೆ ಮೈಕ್ ಸೆಟ್ಟಿಗೆ ಬರುವ ಕಾಯಿಲೆ

ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ 24ರ ಆಸುಪಾಸಿಗೆ ಬರುವ ಈ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ನೇಮ, ಜಾತ್ರೆಗಳಿಗೆ ತೆರೆ ಬೀಳುತ್ತದೆ. ಕಂಬಳದ ಕರೆಗಳು ಅದಕ್ಕೂ ಮೊದಲೇ ಬರಿದಾಗಿರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಮಿಯಾನ ಮತ್ತು ಮೈಕಿನ ಅಂಗಡಿಯವರಿಗೆ ಆಗ ಇನ್ನೊಂದು ಕೆಲಸ ಶುರು. ಹಾರ್ನುಗಳನ್ನು ಒಂದರ ಮೇಲೊಂದು ಕವುಚಿ, ವಯರು ಸುತ್ತಿ, ಆಂಪ್ಲಿಫೈಯರುಗಳನ್ನು ಅಟ್ಟದಲ್ಲೋ ಗೋದಾಮಿನ ಮೂಲೆಯಲ್ಲೋ ಪೇರಿಸಿಡಬೇಕು. ನಡುವೆ ಅಷ್ಟಮಿ, ಚೌತಿಗೆ ಕೆಲವು ಹೊರಬರುತ್ತವೆ ಎನ್ನುವುದು ಬಿಟ್ಟರೆ, ದೀಪಾವಳಿ ಕಳೆದು ಮೇಳ ಹೊರಡುವವರೆಗೆ ಅವಕ್ಕೂ ರಜೆ.

ವಿಚಿತ್ರವೆಂದರೆ, ಈ ಯಂತ್ರಗಳು ಕಾಯಿಲೆ ಬೀಳುವುದು ದುಡಿಯುವಾಗ ಅಲ್ಲ, ಈ ರಜೆಯಲ್ಲಿ. ಆರು ತಿಂಗಳು ಗದ್ದೆಯ ಧೂಳು, ಮಂಜು, ರಾತ್ರಿಯಿಡೀ ಚೆಂಡೆಯ ಪೆಟ್ಟು ಎಲ್ಲವನ್ನೂ ತಾಳಿಕೊಂಡ ಸೆಟ್ಟು ನವೆಂಬರಿನಲ್ಲಿ ಸ್ವಿಚ್ಚು ಹಾಕಿದೊಡನೆ ಗುಂಯ್ ಎನ್ನುತ್ತದೆ, ಕರಕರ ಎನ್ನುತ್ತದೆ, ಇಲ್ಲವೇ ಏನೂ ಎನ್ನುವುದಿಲ್ಲ. ಇದಕ್ಕೆ ಕಾರಣ ಹುಡುಕ ಹೊರಟರೆ ಈ ಪೆಟ್ಟಿಗೆ ನಮ್ಮೂರಿಗೆ ಬಂದ ಕಥೆಯನ್ನೂ ಸ್ವಲ್ಪ ಕೆದಕಬೇಕಾಗುತ್ತದೆ.

ಸದ್ದನ್ನು ದೊಡ್ಡದು ಮಾಡುವ ವಿದ್ಯೆಗೆ ನೂರು ವರ್ಷ ದಾಟಿದೆ. ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ಕಂಬಿಯ ವಾಲ್ವನ್ನು ರೂಪಿಸಿದ್ದು 1906ರಲ್ಲಿ. ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು 1915ರ ಕ್ರಿಸ್ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೊ ನಗರ ಸಭಾಭವನದ ಎದುರು ನೆರೆದ ಭಾರೀ ಜನಸಂದಣಿಗೆ ಧ್ವನಿವರ್ಧಕದ ಮೂಲಕ ಹಾಡು, ಭಾಷಣ ಕೇಳಿಸಿದರು. ಹತ್ತು ವರ್ಷದ ಬಳಿಕ, 1925ರಲ್ಲಿ, ರೈಸ್ ಮತ್ತು ಕೆಲ್ಲಾಗ್ ಎಂಬ ಎಂಜಿನಿಯರುಗಳು ಇಂದಿಗೂ ಬಳಕೆಯಲ್ಲಿರುವ ಕಾಗದದ ಕೋನಿನ ಸ್ಪೀಕರಿನ ರೂಪುರೇಷೆ ಕೊಟ್ಟರು. ಭಾರತದಲ್ಲಿ 1940ರಲ್ಲಿ ಹುಟ್ಟಿದ ಅಹುಜಾ ರೇಡಿಯೋಸ್ ಮೈಕ್ ಸೆಟ್ಟಿಗೇ ಪರ್ಯಾಯ ಹೆಸರಾಯಿತು. ನಮ್ಮ ಕಡೆ ಇಂದಿಗೂ ‘ಒಂದು ಅಹುಜಾ ಉಂಟಾ?’ ಎಂದು ಕೇಳುವವರಿದ್ದಾರೆ.

ಅದಕ್ಕೂ ಮೊದಲು ಭಾಗವತರ ಕಂಠವೇ ಧ್ವನಿವರ್ಧಕ. ದೊಂದಿ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಚೆಂಡೆ, ಮದ್ದಳೆ, ಚಕ್ರತಾಳವನ್ನು ಮೀರಿ ಗದ್ದೆಯ ಅಂಚಿನಲ್ಲಿ ಕುಳಿತವನಿಗೂ ಪದ ಕೇಳಿಸಬೇಕಿತ್ತು. ಹಾಗಾಗಿ ಏರು ಶ್ರುತಿ ಅನಿವಾರ್ಯ. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದು, 2023ರ ಫೆಬ್ರವರಿಯಲ್ಲಿ ನಿಧನರಾದ ಬಲಿಪ ನಾರಾಯಣ ಭಾಗವತರ ಹಾಡುಗಾರಿಕೆ ಕೇಳಿದವರಿಗೆ ಆ ಗಟ್ಟಿ ದನಿಯ ಪರಂಪರೆ ಹೇಗಿತ್ತೆಂಬ ಅಂದಾಜು ಉಂಟು. ಮೈಕ್ ಬಂದ ಬಳಿಕ ಮೆಲ್ಲಗೆ ಹಾಡಿದರೂ ಸಾಕೆಂಬ ಅನುಕೂಲವಾಯಿತು. ಅದು ಲಾಭವೋ ನಷ್ಟವೋ ಎಂಬ ಚರ್ಚೆ ಯಕ್ಷಗಾನ ವಲಯದಲ್ಲಿ ಇನ್ನೂ ಮುಗಿದಿಲ್ಲ.

ಸ್ವಾತಂತ್ರ್ಯಾನಂತರ ಡೇರೆ ಮೇಳಗಳು ಟಿಕೆಟು ಹಚ್ಚಿ ಆಟವಾಡತೊಡಗಿದಾಗ ದೊಡ್ಡ ಸಭೆಗೆ ಮಾತು ಮುಟ್ಟಿಸುವುದು ವ್ಯಾಪಾರದ ಅಗತ್ಯವೂ ಆಯಿತು. ಆಗಿನವು ವಾಲ್ವಿನ ಸೆಟ್ಟುಗಳು. ಗಾಜಿನ ಬುರುಡೆಯೊಳಗೆ ತಂತಿ ಕೆಂಪಗೆ ಕಾದು, ಒಂದರ್ಧ ನಿಮಿಷದ ಬಳಿಕ ದನಿ ಬರುವ ಯಂತ್ರ. ಒಳಗೆ ಮುನ್ನೂರು ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಹರಿಯುತ್ತಿದ್ದುದರಿಂದ ಮುಚ್ಚಳ ತೆಗೆಯಲು ಧೈರ್ಯ ಬೇಕಿತ್ತು. ಆದರೆ ಕೆಟ್ಟ ವಾಲ್ವನ್ನು ಬದಲಿಸಲು ಬೆಸುಗೆ ಹಾಕಬೇಕಿರಲಿಲ್ಲ. ಬಲ್ಬು ಬದಲಿಸಿದ ಹಾಗೆ ಕಿತ್ತು, ಇನ್ನೊಂದನ್ನು ಒತ್ತಿದರಾಯಿತು. ಬಿಡಿಭಾಗಕ್ಕೂ ದೂರ ಹೋಗಬೇಕಿರಲಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಮುಂದೆ ರೇಡಿಯೊ ವಾಲ್ವುಗಳನ್ನು ತಯಾರಿಸಿತು. ‘ಬಿಇಎಲ್’ ಎಂದು ಮುದ್ರೆಯಿರುವ ಆ ವಾಲ್ವುಗಳನ್ನು ಗಿಟಾರ್ ಆಂಪ್ಲಿಫೈಯರಿನ ಶೋಕಿಯವರು ಇಂದಿಗೂ ಹುಡುಕುವುದುಂಟು.

ವಾಲ್ವಿನ ಸೆಟ್ಟಿಗೆ ಇನ್ನೊಂದು ಗುಣವಿತ್ತು. ಅದು ಬಿಸಿಯಾಗುತ್ತಿತ್ತು. ಬಳಕೆಯಲ್ಲಿದ್ದಷ್ಟು ದಿನ ತನ್ನ ತೇವವನ್ನು ತಾನೇ ಒಣಗಿಸಿಕೊಳ್ಳುತ್ತಿತ್ತು. ಮಳೆಗಾಲ ಪೂರ್ತಿ ಮುಚ್ಚಿಟ್ಟಾಗ ಮಾತ್ರ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದು ಎಲ್ಲೋ ಒಂದು ಕಡೆ ಕಡಿದುಹೋಗುತ್ತಿತ್ತು. ಅಡಿಕೆ ತೋಟಗಳ ಈ ಸೀಮೆಯಲ್ಲಿ ಅದಕ್ಕೂ ಮದ್ದಿತ್ತು. ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಕೈಗಳಿಗೆ ಟ್ರಾನ್ಸ್‌ಫಾರ್ಮರ್ ಸುತ್ತುವುದು ತೀರಾ ಪರಕೀಯ ವಿದ್ಯೆಯಲ್ಲ.

ಟ್ರಾನ್ಸಿಸ್ಟರ್ ಬಂದ ಮೇಲೆ ಪೆಟ್ಟಿಗೆ ಹಗುರವಾಯಿತು. ಕಾರಿನ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲೂ ನಡೆಯತೊಡಗಿತು. ಲೈನು ಎಳೆಯದ ಊರಲ್ಲೂ, ಜೀಪಿನ ಮೇಲೆ ಕಟ್ಟಿದ ಚುನಾವಣಾ ಪ್ರಚಾರದಲ್ಲೂ ಮೈಕ್ ಕೂಗಿತು. ಈ ಸೆಟ್ಟುಗಳ ಜೀವ 2ಎನ್3055 ಎಂಬ ಬಿಡಿಭಾಗ. ಹೋಳಿಗೆಯಂತೆ ಚಪ್ಪಟೆಯಾದ ಲೋಹದ ಟ್ರಾನ್ಸಿಸ್ಟರು, ಎರಡು ಸ್ಕ್ರೂ, ಅಡಿಯಲ್ಲೊಂದು ಅಭ್ರಕದ ಹಾಳೆ. ಸ್ಪೀಕರಿಗೆ ಹೋಗುವ ವಯರಿನ ಸಿಪ್ಪೆಯನ್ನು ಇಲಿ ತಿಂದು ಎರಡು ತಂತಿ ಮುಟ್ಟಿದರೆ ಮೊದಲು ಪ್ರಾಣ ಬಿಡುವುದು ಇದೇ. ಬದಲಿಸಲು ಅರ್ಧ ಗಂಟೆ ಸಾಕು. ಆದರೆ ಮಾರುಕಟ್ಟೆಯಲ್ಲಿ ನಕಲಿಗಳ ಕಾಟ ವಿಪರೀತ. ಹೊರಗೆ ದೊಡ್ಡ ಚಿಪ್ಪು, ಒಳಗೆ ಹರಳು ಚಿಕ್ಕದು. ಮೊದಲ ರಾತ್ರಿಯ ಪೀಠಿಕೆ ಮುಗಿಯುವಷ್ಟರಲ್ಲಿ ಸುಟ್ಟುಹೋದರೆ ಬೈಗುಳ ರಿಪೇರಿಯವನಿಗೆ.

ಹಾರ್ನಿನ ಕಥೆ ಬೇರೆ. ಅಗಲ ಬಾಯಿಯ ಆ ಅಲ್ಯುಮಿನಿಯಂ ತುತ್ತೂರಿಗೆ ಮಳೆಯಿಂದ ಏನೂ ಆಗದು. ಹಿಂದೆ ತಿರುಪಿ ಹಾಕುವ ‘ಯೂನಿಟ್’ ಒಳಗೆ ತೆಳುವಾದ ಡಯಾಫ್ರಂ ಉಂಟು, ಅದರ ಸುರುಳಿ ಸುಡುತ್ತದೆ. ಡಯಾಫ್ರಂ ಬಿಡಿಯಾಗಿ ಸಿಗುವುದರಿಂದ ಒಂದೇ ಯೂನಿಟ್ಟು ಹತ್ತಾರು ವರ್ಷ ಬಾಳಿದ್ದುಂಟು. ಬದಲಿಸಬಹುದಾದ ಭಾಗವನ್ನು ಬದಲಿಸಲು ಸುಲಭವಾಗುವಂತೆ ಮಾಡಿದ್ದರಲ್ಲೇ ಅದರ ದೀರ್ಘಾಯುಷ್ಯ ಇದೆ.

ಇನ್ನು ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಘಟ್ಟದ ಬುಡದ ಬೆಳ್ತಂಗಡಿ ಕಡೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಾಂಶ ಎಷ್ಟೋ ದಿನ ಶೇ. 90ರ ಹತ್ತಿರ. ಉಪ್ಪಿನ ಭರಣಿಯ ಉಪ್ಪು ನೀರಾಗುವ ಹವೆಯಲ್ಲಿ ಸ್ಪೀಕರಿನ ಕಾಗದ ಏನಾದೀತು? ತೇವ ಹೀರಿ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ. ಸುರುಳಿ ಓರೆಯಾಗಿ ಅಯಸ್ಕಾಂತಕ್ಕೆ ಉಜ್ಜಿ ಒಡಕು ದನಿ ಬರುತ್ತದೆ. ವಾಲ್ಯೂಮ್ ತಿರುಗಿಸುವ ಗುಂಡಿಯೊಳಗಿನ ಇಂಗಾಲದ ಪಟ್ಟಿಗೆ ಕೊಳೆ ಕೂತು ಕರಕರ ಶುರುವಾಗುತ್ತದೆ. ಚೆಂಡೆ, ಮದ್ದಳೆಯ ಚರ್ಮವೂ ಇದೇ ಹವೆಯಲ್ಲಿ ಸಡಿಲವಾಗುತ್ತದೆ. ಆದರೆ ಅದನ್ನು ಬಿಸಿ ತಾಗಿಸಿ, ಹಗ್ಗ ಬಿಗಿದು ಸರಿಮಾಡಿಕೊಳ್ಳುವ ವಿದ್ಯೆ ನುಡಿಸುವವರ ಕೈಯಲ್ಲೇ ಇದೆ. ಆಂಪ್ಲಿಫೈಯರಿನ ವಿಷಯದಲ್ಲಿ ಹಾಗಿಲ್ಲ.

ಎಲ್ಲಕ್ಕಿಂತ ಕುತೂಹಲದ್ದು ಕಂಡೆನ್ಸರಿನ ಪಾಡು. ಆಂಪ್ಲಿಫೈಯರಿನೊಳಗೆ ನಿಂತಿರುವ ಚಿಕ್ಕ ಡಬ್ಬಿಗಳೇ ಈ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು. ಒಳಗೆ ಸುತ್ತಿದ ಅಲ್ಯುಮಿನಿಯಂ ಹಾಳೆ, ಅದಕ್ಕೆ ದ್ರಾವಣದಲ್ಲಿ ನೆನೆದ ಕಾಗದದ ಜೊತೆ. ಹಾಳೆಯ ಮೇಲಿನ ಅತಿ ತೆಳು ಆಕ್ಸೈಡ್ ಪದರವೇ ವಿದ್ಯುತ್ತನ್ನು ತಡೆದು ನಿಲ್ಲಿಸುವುದು. ಈ ಪದರವನ್ನು ಗಟ್ಟಿಯಾಗಿ ಉಳಿಸುವುದು ವಿದ್ಯುತ್ತೇ. ತಿಂಗಳುಗಟ್ಟಲೆ ಕರೆಂಟು ಕಾಣದಿದ್ದರೆ ಪದರ ಸವೆಯುತ್ತದೆ. ಹಠಾತ್ತನೆ ಪೂರ್ಣ ವೋಲ್ಟೇಜು ಕೊಟ್ಟಾಗ ಸೋರಿಕೆ ಹೆಚ್ಚಿ, ಡಬ್ಬಿ ಬಿಸಿಯಾಗಿ, ಕೆಲವೊಮ್ಮೆ ಪಟಾಕಿಯಂತೆ ಸಿಡಿಯುತ್ತದೆ. ಶಾಖವೂ ಇದರ ಶತ್ರುವೇ. 85 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಎಂದು ಆಯುಷ್ಯ ನಿಗದಿಯಾದ ಕಂಡೆನ್ಸರು, ಪ್ರತಿ ಹತ್ತು ಡಿಗ್ರಿ ಇಳಿದಂತೆ ಸುಮಾರು ಇಮ್ಮಡಿ ಕಾಲ ಬಾಳುತ್ತದೆ. ಒಟ್ಟಿನಲ್ಲಿ ಇದು ಹದವಾಗಿ ದುಡಿಸಿಕೊಳ್ಳಬೇಕಾದ ಎತ್ತು. ಕಟ್ಟಿಹಾಕಿಯೇ ಇಟ್ಟರೂ ಕೆಟ್ಟಿತು, ಓಡಿಸುತ್ತಲೇ ಇದ್ದರೂ ಕೆಟ್ಟಿತು.

ಪತ್ತನಾಜೆಯ ಹೊತ್ತಿಗೇ ಘಟ್ಟದ ಕಡೆಯಿಂದ ಗುಡುಗು ಮಿಂಚೂ ಇಳಿಯುತ್ತವೆ. ಸಿಡಿಲು ಲೈನಿಗೆ ಬಡಿದರೆ ಪ್ಲಗ್ಗು ಚುಚ್ಚಿಟ್ಟ ಸೆಟ್ಟಿನ ಫ್ಯೂಸು ಸುಡುವ ಮೊದಲೇ ಒಳಗಿನದೆಲ್ಲ ಸುಟ್ಟಿರುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಿತ್ತಿಡಬೇಕು. ನೆರೆಯ ಮಾತು ಬೇರೆಯೇ. ಬಂಟ್ವಾಳದ ಪೇಟೆ 1923 ಮತ್ತು 1974ರಲ್ಲಿ ನೇತ್ರಾವತಿಯ ಕೆಂಪು ನೀರಿನಲ್ಲಿ ಮುಳುಗಿತ್ತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಸುತ್ತಮುತ್ತ ಹೊಳೆಗಳು ಉಕ್ಕಿ ಮನೆ, ತೋಟಗಳಿಗೆ ನುಗ್ಗಿದವು. ನೆರೆಯಲ್ಲಿ ಸಿಕ್ಕಿದ ಆಂಪ್ಲಿಫೈಯರನ್ನು ಒಣಗಿತೇ ಎಂದು ನೋಡಲು ಸ್ವಿಚ್ಚು ಹಾಕುವುದೇ ದೊಡ್ಡ ತಪ್ಪು. ನೀರಿಗಿಂತ ಅದು ಬಿಟ್ಟುಹೋದ ಕೆಸರು ಅಪಾಯಕಾರಿ. ಮುಚ್ಚಳ ತೆಗೆದು, ಶುದ್ಧ ನೀರಿನಲ್ಲಿ ಕೆಸರು ತೊಳೆದು, ದಿನಗಟ್ಟಲೆ ಒಣಗಿಸಿದರೆ ಹಳೆಯ ಕಾಲದ ಬೋರ್ಡುಗಳು ಬದುಕುವುದುಂಟು.

ದೊಡ್ಡ ಸೆಟ್ಟಿನ ಮಾತಾಯಿತು. ಮನೆಯೊಳಗಿನ ಚಿಕ್ಕ ಪೆಟ್ಟಿಗೆಗಳ ಕಥೆ ಇದಕ್ಕಿಂತ ಕಷ್ಟದ್ದು. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಇಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆಗಳು ಸಂಗೀತದ ಮನೆಗಳಿಗೆ ಬಂದವು. ಪುಂಗಿ, ಹಾರ್ಮೋನಿಯಂ ಇದ್ದ ಜಾಗದಲ್ಲಿ ಭಾಗವತರ ಪಕ್ಕವೂ ಇಂಥ ಪೆಟ್ಟಿಗೆಯೇ ಕುಳಿತಿತು. ಇತ್ತ ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಪೂಜೆ ಆಡುಮಾತಿಗೆ ಬಂದಂತೆ ಚರ್ಚಿನ ಗಾಯನ ಮಂಡಳಿಗಳಿಗೆ ಗಿಟಾರ್ ಬಂತು. ಈಗ ಗಿಟಾರ್ ಕಲಿಯುವ ಹುಡುಗರ ಬಳಿ ಹತ್ತು ಹದಿನೈದು ವ್ಯಾಟಿನ, ಆರೆಂಟು ಇಂಚಿನ ಸ್ಪೀಕರಿರುವ ಅಭ್ಯಾಸದ ಆಂಪ್ಲಿಫೈಯರುಗಳಿವೆ. ಶ್ರುತಿಪೆಟ್ಟಿಗೆಯೂ ಗಿಟಾರ್ ಪೆಟ್ಟಿಗೆಯೂ ಒಳಗಿನಿಂದ ದಾಯಾದಿಗಳು. ಒಂದು ಚಿಪ್ಪು, ಒಂದು ಸ್ಪೀಕರು, ನಾಲ್ಕಾರು ಗುಂಡಿ.

ಗಿಟಾರ್ ಪೆಟ್ಟಿಗೆ ಹೆಚ್ಚಾಗಿ ಕೆಡುವುದು ವಯರು ಚುಚ್ಚುವ ತೂತಿನಲ್ಲಿ. ಈ ಕಾಲಿಂಚಿನ ಪಿನ್ನು ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದದ್ದು, ದಿನಕ್ಕೆ ನೂರು ಸಲ ಚುಚ್ಚಿ ತೆಗೆಯಲೆಂದೇ ಹುಟ್ಟಿದ್ದು. ಹಳೆಯ ಪೆಟ್ಟಿಗೆಗಳಲ್ಲಿ ಅದರ ಜಾಕನ್ನು ತಗಡಿಗೆ ಬಿಗಿದು ವಯರಿನ ಮೂಲಕ ಬೋರ್ಡಿಗೆ ಜೋಡಿಸುತ್ತಿದ್ದರು. ಈಗ ಅಗ್ಗವಾಗಲೆಂದು ಜಾಕನ್ನೇ ಬೋರ್ಡಿಗೆ ಬೆಸೆಯುತ್ತಾರೆ. ವಯರಿಗೆ ಕಾಲು ತಾಗಿ ಎಳೆದಾಗಲೆಲ್ಲ ಬೆಸುಗೆ ಕೂದಲಿನಷ್ಟು ಬಿರುಕು ಬಿಡುತ್ತದೆ. ದನಿ ಬಂದು ಬಂದು ಹೋಗುತ್ತದೆ. ಹತ್ತು ನಿಮಿಷದ ಬೆಸುಗೆಯ ಕೆಲಸ ಇದು. ಗೊತ್ತಿಲ್ಲದೆ ಎಷ್ಟು ಪೆಟ್ಟಿಗೆಗಳು ಗುಜರಿಗೆ ಹೋದವೋ!

ಹಾಗೆ ಹೋಗಲು ಕಾರಣವೂ ಉಂಟು. ಬಿಡಿಭಾಗಗಳು ಸಾಸಿವೆಯಷ್ಟು ಚಿಕ್ಕವಾದವು, ಅವನ್ನು ಕೂರಿಸಿದ್ದು ಯಂತ್ರ, ಬಿಡಿಸಲು ಭೂತಗನ್ನಡಿಯೂ ಬಿಸಿಗಾಳಿಯ ಉಪಕರಣವೂ ಬೇಕು. ಯುರೋಪಿನ ಒಕ್ಕೂಟ 2006ರ ಜುಲೈಯಿಂದ ಬೆಸುಗೆಯಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ಜಗತ್ತಿನ ಕಾರ್ಖಾನೆಗಳು ಸೀಸವಿಲ್ಲದ ಬೆಸುಗೆಗೆ ತಿರುಗಿದವು. ಆರೋಗ್ಯಕ್ಕೆ ಒಳ್ಳೆಯದೇ, ಆದರೆ ಅದು ಹೆಚ್ಚು ಶಾಖದಲ್ಲಿ ಕರಗುವಂಥದ್ದು, ಹಳೆಯ ಐರನಿಗೆ ಬಗ್ಗುವುದಿಲ್ಲ. ಒಂದು ಕಾಲದಲ್ಲಿ ಪ್ರತಿ ಮೈಕಿನ ಅಂಗಡಿಗೂ ಆಸರೆಯಾಗಿದ್ದವನು ಐಟಿಐಗಳಲ್ಲಿ ರೇಡಿಯೊ, ಟಿ.ವಿ. ಮೆಕ್ಯಾನಿಕ್ ಕಲಿತು ಪೇಟೆಯಲ್ಲಿ ಕೋಣೆ ಹಿಡಿದ ಹುಡುಗ. ಅಂಥ ಮೇಜಿನ ಮೇಲೆ ಈಗ ಮೊಬೈಲು. ರಿಪೇರಿಯ ಮಜೂರಿ ಹೊಸ ಪೆಟ್ಟಿಗೆಯ ಬೆಲೆಯ ಅರ್ಧಕ್ಕೆ ಬಂದರೆ ಗಿರಾಕಿ ಹಿಂದೆ ಮುಂದೆ ನೋಡುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಆ ಡಿಸೆಂಬರಿನಲ್ಲಿ ಅಂತರ್ಜಾಲ ತಾಣವನ್ನೂ ತೆರೆಯಿತು. ಮೊದಲ ಆದ್ಯತೆ ಸಿಕ್ಕಿದ್ದು ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು ಮತ್ತು ವಾಹನಗಳಿಗೆ. ಹಿಂದೆ ರೇಡಿಯೊ, ಆಂಪ್ಲಿಫೈಯರಿನ ಮುಚ್ಚಳದ ಒಳಗೇ ಸರ್ಕ್ಯೂಟಿನ ನಕ್ಷೆ ಅಂಟಿಸಿ ಕೊಡುವ ಪದ್ಧತಿ ಇತ್ತು. ಅಷ್ಟನ್ನು ಮರಳಿ ತಂದರೂ ಹಳ್ಳಿಯ ರಿಪೇರಿಯವನಿಗೆ ದೊಡ್ಡ ಉಪಕಾರ ಎಂದು ನನಗನಿಸುತ್ತದೆ.

ಕಾನೂನಿನ ಇನ್ನೊಂದು ಏಟು ಸಮಯದ ಮೇಲೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಸಲ್ಲದೆಂಬ ನಿಯಮ 2000ದಲ್ಲಿ ಬಂತು. 2022ರ ನವೆಂಬರಿನ ತಿರುಗಾಟವನ್ನು ಕಟೀಲು ಮೇಳಗಳು ಕಾಲಮಿತಿಯಲ್ಲಿ ಆರಂಭಿಸಿದ್ದರ ಹಿಂದೆ ಇದೇ ನಿಯಮವಿತ್ತು. ಭಕ್ತರ, ಕಲಾಭಿಮಾನಿಗಳ ಚರ್ಚೆ ಆಗ ಜೋರಾಗಿಯೇ ನಡೆಯಿತು.

ಮಳೆಗಾಲದ ಕಾಯಿಲೆಗೆ ಅನುಭವಸ್ಥರ ಮದ್ದು ಸರಳ. ಪೆಟ್ಟಿಗೆಯನ್ನು ನೆಲದಲ್ಲಿಡದೆ ಹಲಗೆಯ ಮೇಲಿಡುವುದು, ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಕಟ್ಟಿ ತೇವವನ್ನು ಒಳಗೇ ಕೂಡಿಹಾಕದಿರುವುದು, ವಾರಕ್ಕೊಮ್ಮೆ ಒಂದರ್ಧ ಗಂಟೆ ಚಾಲೂ ಮಾಡುವುದು. ಬಹುಕಾಲ ಮಲಗಿದ್ದ ಸೆಟ್ಟನ್ನು ಎಬ್ಬಿಸಲು ನೂರು ವ್ಯಾಟಿನ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಒಳಗೆ ದೋಷವಿದ್ದರೆ ಬಲ್ಬು ಪ್ರಕಾಶಮಾನವಾಗಿ ಉರಿದು ಕರೆಂಟನ್ನು ತಡೆಯುತ್ತದೆ. ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ತಂತಿ ಕಾದಂತೆ ಅದರ ತಡೆ ಹೆಚ್ಚುವುದೇ ಇದರ ಗುಟ್ಟು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. 2015ರಲ್ಲಿ ಸರಕಾರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಮನೆಮನೆಗೂ ತಲುಪಿ, ಅಂಗಡಿಗಳಲ್ಲಿ ನೂರು ವ್ಯಾಟಿನ ತಂತಿ ಬಲ್ಬು ಅಪರೂಪವಾಗಿದೆ. ರಿಪೇರಿಯ ಮೇಜಿನಲ್ಲಿ ಅಂಥದ್ದೊಂದು ಬಲ್ಬು ಉಳಿದಿದ್ದರೆ ಅದನ್ನು ಈಗ ಜೋಪಾನವಾಗಿ ಹತ್ತಿಯಲ್ಲಿ ಸುತ್ತಿಡಬೇಕಾಗಿದೆ.