ರಿಪೋರ್ಟೆಡ್ ಸ್ಪೀಚ್: ಇಂಗ್ಲಿಷಿನಲ್ಲಿ ಕಾಲ ಯಾವಾಗ ಬದಲಾಗುತ್ತದೆ?

ಇನ್ನೊಬ್ಬರು ಆಡಿದ ಮಾತನ್ನು ನಮ್ಮ ವಾಕ್ಯದೊಳಗೆ ಸೇರಿಸಿ ಹೇಳುವುದೇ ರಿಪೋರ್ಟೆಡ್ ಸ್ಪೀಚ್. ಇದರಲ್ಲಿ ಕಾಲ ಬದಲಾಗುವ ಬಗೆಯ ಕೋಷ್ಟಕವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಕಾಲವನ್ನು ನಿರ್ಧರಿಸುವುದು ಕೋಷ್ಟಕವಲ್ಲ, ವರದಿ ಮಾಡುವ ಗಳಿಗೆ.

ಮೂಲ ನಿಯಮ

‘ಸೆಡ್’, ‘ಟೋಲ್ಡ್’ ಎಂಬ ಭೂತಕಾಲದ ಕ್ರಿಯಾಪದ ಬಂದರೆ ಒಳಗಿನ ಮಾತಿನ ಕಾಲ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ‘ಐ ಆಮ್ ಟಯರ್ಡ್’ ಎಂಬ ಮಾತು ‘ಶಿ ಸೆಡ್ ಶಿ ವಾಸ್ ಟಯರ್ಡ್’ ಆಗುತ್ತದೆ. ‘ವಿಲ್’ ಇದ್ದಲ್ಲಿ ‘ವುಡ್’, ‘ಕ್ಯಾನ್’ ಇದ್ದಲ್ಲಿ ‘ಕುಡ್’, ‘ಹ್ಯಾವ್ ಫಿನಿಶ್ಡ್’ ಇದ್ದಲ್ಲಿ ‘ಹ್ಯಾಡ್ ಫಿನಿಶ್ಡ್’ ಬರುತ್ತದೆ. ‘ಶುಡ್’, ‘ಮೈಟ್’ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಈ ಸರಿತಕ್ಕೆ ವ್ಯಾಕರಣದಲ್ಲಿ ‘ಬ್ಯಾಕ್‌ಶಿಫ್ಟ್’ ಎಂದು ಹೆಸರು.

ಬದಲಾವಣೆ ಬೇಡದ ಕಡೆ

ವರದಿಯ ಕ್ರಿಯಾಪದವೇ ವರ್ತಮಾನದಲ್ಲೋ ಭವಿಷ್ಯತ್ತಿನಲ್ಲೋ ಇದ್ದರೆ ಕಾಲ ಸರಿಯುವುದಿಲ್ಲ: ‘ಶಿ ಸೇಸ್ ಶಿ ಈಸ್ ಟಯರ್ಡ್’.

ಎರಡೂ ಸರಿಯಾಗುವ ಕಡೆ

ಹೇಳಿದ ಸಂಗತಿ ಈಗಲೂ ನಿಜವಾಗಿದ್ದರೆ ಆಯ್ಕೆ ನಮ್ಮದು. ‘ಶುಕ್ರವಾರ ಬರುತ್ತೇನೆ’ ಎಂದು ಗೆಳೆಯ ಸೋಮವಾರ ಹೇಳಿದ ಎನ್ನೋಣ. ಬುಧವಾರ ಅದನ್ನು ತಿಳಿಸುವಾಗ ‘ಹಿ ಸೆಡ್ ಹಿ ವಿಲ್ ಕಮ್ ಆನ್ ಫ್ರೈಡೇ’ ಎನ್ನಬಹುದು, ‘ವುಡ್’ ಕೂಡ ಸರಿ. ಶನಿವಾರದ ಹೊತ್ತಿಗೆ ಆ ಶುಕ್ರವಾರ ಕಳೆದುಹೋಗಿರುತ್ತದೆ. ಆಗ ‘ವುಡ್’ ಮಾತ್ರ ಸರಿ. ಹೇಳಿದ್ದು ನಿಜವೋ ಅಲ್ಲವೋ ಎಂಬ ಅನುಮಾನವಿದ್ದರೂ ಭೂತಕಾಲವೇ ಒಳ್ಳೆಯದು. ವರ್ತಮಾನ ಬಳಸಿದರೆ ಆ ಮಾತಿಗೆ ನಾವೂ ದನಿಗೂಡಿಸಿದಂತಾಗುತ್ತದೆ.

ಭೂತಕಾಲದ ಮಾತು

ಮೂಲ ಮಾತೇ ಭೂತಕಾಲದಲ್ಲಿದ್ದರೆ ‘ಹ್ಯಾಡ್’ ಸೇರಿಸುವುದು ಪ್ರತಿಸಲವೂ ಕಡ್ಡಾಯವಲ್ಲ. ‘ಶಿ ಸೆಡ್ ಶಿ ವಾಸ್ ಬಾರ್ನ್ ಇನ್ 1990’ ಎಂದರೆ ಸಾಕು, ಇಸವಿಯೇ ಕಾಲವನ್ನು ಹೇಳುತ್ತದೆ. ಆದರೆ ‘ಐ ಲಿವ್ಡ್ ಇನ್ ಮೈಸೂರು’ ಎಂದವಳ ಬಗ್ಗೆ ‘ಶಿ ಸೆಡ್ ಶಿ ಲಿವ್ಡ್ ಇನ್ ಮೈಸೂರು’ ಎಂದರೆ, ಹೇಳುವಾಗಲೂ ಅವಳು ಅಲ್ಲೇ ಇದ್ದಳು ಎಂಬ ಅರ್ಥ ಬಂದುಬಿಡುತ್ತದೆ. ಇಲ್ಲಿ ‘ಹ್ಯಾಡ್ ಲಿವ್ಡ್’ ಬೇಕೇ ಬೇಕು.

ಕನ್ನಡಿಗರು ಎಡವುವುದು ಎಲ್ಲಿ?

‘ನಾಳೆ ಬರ್ತೀನಿ ಅಂತ ಹೇಳಿದ’ ಎಂಬ ವಾಕ್ಯದಲ್ಲಿ ‘ಅಂತ’ ಆಡಿದವನ ಕಾಲ, ಪುರುಷ ಎರಡನ್ನೂ ಇದ್ದಂತೆಯೇ ಉಳಿಸುತ್ತದೆ. ಇದೇ ರೂಢಿಯಲ್ಲಿ ‘ಹಿ ಸೆಡ್ ದಟ್ ಐ ವಿಲ್ ಕಮ್’ ಎಂದರೆ ಬರುವವನು ಅವನಲ್ಲ, ವರದಿ ಮಾಡುವ ನೀವೇ ಆಗುತ್ತೀರಿ. ಆದ್ದರಿಂದ ಮೊದಲು ‘ಐ’ ಯಾರೆಂದು ನೋಡಿ ಬದಲಿಸಬೇಕು. ಆಮೇಲೆ ಆ ಮಾತು ಈ ಹೊತ್ತಿಗೂ ಸಲ್ಲುತ್ತದೆಯೇ ಎಂದು ಕೇಳಿಕೊಂಡು ಕಾಲವನ್ನು ಆರಿಸಬೇಕು.