ಹೊಲಿಗೆಯಾಕೆಯ ಮಾತು

ವೈದ್ಯಶಾಸ್ತ್ರದ ಚರಿತ್ರೆ ಬರೆದವರು ಉಪಕರಣಗಳಿಗೆ ಕೊಟ್ಟ ಮನ್ನಣೆಯನ್ನು ರೋಗಿಯ ಮಾತಿಗೆ ಕೊಟ್ಟಿಲ್ಲವೆಂದು ನನಗೆ ಅನೇಕ ಸಲ ಅನ್ನಿಸಿದೆ. ದೊಡ್ಡಕರುಳಿನ ಕ್ಯಾನ್ಸರು ಕೆಲವು ವಂಶಗಳನ್ನು ಬೆನ್ನಟ್ಟಿ ಬರುತ್ತದೆ, ಅದನ್ನು ಮುಂಚಿತವಾಗಿಯೇ ತಡೆಯಬಹುದು ಎಂಬ ತಿಳಿವಳಿಕೆ ಮೊಳೆತದ್ದು ಬಟ್ಟೆ ಹೊಲಿದು ಜೀವಿಸುತ್ತಿದ್ದ ಹೆಂಗಸೊಬ್ಬಳ ಮಾತಿನಿಂದ.

1895ರ ಸಂಗತಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್, ತನ್ನ ಮನೆಗೆ ಹೊಲಿಯುತ್ತಿದ್ದ ಪಾಲೀನ್ ಗ್ರಾಸ್ ಮಂಕಾಗಿರುವುದನ್ನು ಕಂಡು ಕಾರಣ ಕೇಳಿದ. ಹೊಟ್ಟೆಯದೋ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರು ತನ್ನನ್ನು ಬೇಗನೆ ಒಯ್ಯುತ್ತದೆ, ತನ್ನ ಮನೆತನದವರು ಹೋದದ್ದೇ ಹಾಗೆ ಎಂದಳು ಆಕೆ. ಹಣೆಬರಹವೆಂದೋ ಹೆಂಗಸಿನ ಅಂಜಿಕೆಯೆಂದೋ ಅದನ್ನು ತಳ್ಳಿಬಿಡುವುದು ಸುಲಭವಿತ್ತು. ವಾರ್ತಿನ್ ಹಾಗೆ ಮಾಡದೆ ಆ ಮನೆತನದ ವಂಶಾವಳಿಯನ್ನೇ ಬರೆಯತೊಡಗಿದ. 1913ರಲ್ಲಿ ಅದನ್ನು ಪ್ರಕಟಿಸಿದ. ಪಾಲೀನಳೋ, ತಾನು ಹೆದರಿದ್ದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಸುಜನನವಾದದ ಮೋಹಕ್ಕೆ ಬಿದ್ದ ವಾರ್ತಿನ್ ಮುಂದೆ ಆಡಿದ ಮಾತುಗಳು ನನಗೆ ರುಚಿಸುವುದಿಲ್ಲ. ಆದರೂ ಅಂದು ಅವನು ಕಿವಿಗೊಟ್ಟನೆಂಬುದನ್ನು ಮರೆಯಲಾರೆ.

ಸುಮಾರು ಏಳು ದಶಕ ಕಳೆದು, 1962ರಲ್ಲಿ, ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ಅದೇ ಕಥೆ ಮರುಕಳಿಸಿತು. ಕುಡಿತದಿಂದ ಜರ್ಝರಿತನಾದ ರೋಗಿಯೊಬ್ಬನನ್ನು ತರುಣ ವೈದ್ಯ ಹೆನ್ರಿ ಲಿಂಚ್ ಏಕೆ ಕುಡಿಯುತ್ತೀಯೆಂದು ಕೇಳಿದ. ನಮ್ಮ ಮನೆಯವರೆಲ್ಲ ಕ್ಯಾನ್ಸರಿನಿಂದ ಸಾಯುತ್ತಾರೆ, ನಾನೂ ಸಾಯುತ್ತೇನೆ ಎಂಬುದೇ ಉತ್ತರ. ಲಿಂಚ್ ಅಂಥ ಕುಟುಂಬಗಳನ್ನು ಅರಸಿ ಹೊರಟ. ಇದು ವಂಶಪಾರಂಪರ್ಯವಾಗಿ ಬರುವ ರೋಗವೆಂದರೆ ಬಹುಕಾಲ ಪಂಡಿತರು ಒಪ್ಪಲಿಲ್ಲ. ಇಂದು ಆ ರೋಗಕ್ಕೆ ಅವನದೇ ಹೆಸರು.

ಕೇಳಿಸಿಕೊಂಡು ಮಾಡುವುದೇನು? ಅದಕ್ಕೆ ಉತ್ತರ ಬೇರೆ ಕಡೆಯಿಂದ ಬಂತು. ಕರುಳಿನ ಕ್ಯಾನ್ಸರು ಬಹುಮಟ್ಟಿಗೆ ಒಳಗೋಡೆಯ ಸಣ್ಣ ಗಂಟಿನಿಂದ ಬೆಳೆಯುತ್ತದೆ. 1969ರಲ್ಲಿ ನ್ಯೂಯಾರ್ಕಿನ ಶಿನ್ಯಾ ಮತ್ತು ವುಲ್ಫ್, ಕರುಳಿನೊಳಗೆ ಬಳುಕುವ ದರ್ಶಕನಳಿಕೆ ತೂರಿಸಿ, ತಂತಿಯ ಕುಣಿಕೆಯಿಂದ ಆ ಗಂಟನ್ನು ಹೊಟ್ಟೆ ಕೊಯ್ಯದೆಯೇ ತೆಗೆದರು. ಸಾಮಾನ್ಯವಾಗಿ ಗಂಟು ಕ್ಯಾನ್ಸರಾಗಲು ಹತ್ತಾರು ವರ್ಷ ಬೇಕು. ಲಿಂಚ್ ವಂಶಗಳಲ್ಲಿ ಎರಡು ಮೂರು ವರ್ಷ ಸಾಕು. ಕೋಶಗಳು ಇಬ್ಭಾಗವಾಗುವಾಗ ನುಸುಳುವ ನಕಲಿನ ತಪ್ಪುಗಳನ್ನು, ಅಚ್ಚುಕೂಟದ ಕರಡು ತಿದ್ದುವವನಂತೆ, ಸರಿಪಡಿಸುವ ವಂಶವಾಹಿ ಅವರಲ್ಲಿ ಕೆಟ್ಟಿರುತ್ತದೆ. ಆದ್ದರಿಂದ ಅವರಿಗೆ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿಗೇ ತಪಾಸಣೆ ಆರಂಭವಾಗಿ, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ನಡೆಯಬೇಕು.

ಫಿನ್ಲೆಂಡಿನ ವೈದ್ಯರು ಇಂಥ 22 ಕುಟುಂಬಗಳ 252 ಮಂದಿಯನ್ನು ಹದಿನೈದು ವರ್ಷ ಗಮನಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ತಪಾಸಣೆಗೆ ಒಳಗಾಗದ 119 ಮಂದಿಯಲ್ಲಿ ಒಂಬತ್ತು ಜನ ಕರುಳಿನ ಕ್ಯಾನ್ಸರಿನಿಂದ ಸತ್ತಿದ್ದರು. ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡ 133 ಮಂದಿಯಲ್ಲಿ ಒಬ್ಬರೂ ಇಲ್ಲ. ಪಾಲೀನಳ ವಂಶವಾಹಿಯ ದೋಷವೂ ಅದೇ ವರ್ಷ ಪತ್ತೆಯಾಯಿತು. ಈಗ ರಕ್ತಪರೀಕ್ಷೆಯೊಂದರಿಂದ ಆ ಮನೆಯ ಮಕ್ಕಳಲ್ಲಿ ಯಾರಿಗೆ ಅದು ಬಂದಿದೆ, ಯಾರಿಗೆ ಬಂದಿಲ್ಲವೆಂದು ಹೇಳಬಹುದು.

ಆ ವಂಶದ ಕುಡಿಯೇ ಆದ, ಕೆನಡಾದ ಕಾದಂಬರಿಕಾರ್ತಿ ಏಮಿ ಮೆಕೇ ಅವರಲ್ಲಿಯೂ ಆ ದೋಷವಿದೆ. 2019ರಲ್ಲಿ ಅವರು ತಮ್ಮ ಮನೆತನದ ಕಥೆಯನ್ನು ಪುಸ್ತಕವಾಗಿ ಹೊರತಂದರು. ವಾರ್ತಿನ್‌ನ ವೈದ್ಯಬರಹದಲ್ಲಿ ಹೆಸರಿಲ್ಲದ ಹೊಲಿಗೆಯಾಕೆ ಅಲ್ಲಿ ಪಾಲೀನ್ ಆಗಿಯೇ ಬರುತ್ತಾಳೆ.