ಸ್ಪೀಡ್‌ವೇ

ಮೋಟಾರ್‌ಸೈಕಲ್ ಪಂದ್ಯಕ್ಕೆ ಅಂಟಿಕೊಂಡಿರುವ ಈ ಪದ ಮೊದಲು ಕುದುರೆಗಾಡಿಯದು. 1898ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ನದೀದಂಡೆಯಲ್ಲಿ ಸಿರಿವಂತರು ಗಾಡಿ ಓಡಿಸಲೆಂದೇ ತೆರೆದ ರಸ್ತೆಗೆ ಸ್ಪೀಡ್‌ವೇ ಎಂದು ಹೆಸರಿತ್ತು. 1909ರಲ್ಲಿ ಇಂಡಿಯಾನಾಪೊಲಿಸ್‌ನ ರೇಸ್ ಅಂಕಣ ಆ ಹೆಸರನ್ನು ಕಾರಿನ ಪಾಲು ಮಾಡಿತು.

ಬೈಕಿನ ಕಥೆ ಆಸ್ಟ್ರೇಲಿಯಾದ್ದು. 1923ರ ಡಿಸೆಂಬರ್‌ನಲ್ಲಿ ವೆಸ್ಟ್ ಮೈಟ್‌ಲ್ಯಾಂಡ್‌ನ ಮೈದಾನದಲ್ಲಿ, ವಿದ್ಯುದ್ದೀಪದ ಬೆಳಕಿನಲ್ಲಿ, ಜಾನಿ ಹಾಸ್ಕಿನ್ಸ್ ಎಂಬವನು ನಡೆಸಿದ ಓಟವೇ ಆರಂಭವೆನ್ನುವುದು ವಾಡಿಕೆ. ಮಣ್ಣಿನ ಅಂಕಣದಲ್ಲಿ ಬೈಕುಗಳು ಅದಕ್ಕೂ ಮುಂಚೆ ಓಡಿದ್ದವು. ಆದರೆ ಹಾಸ್ಕಿನ್ಸ್‌ಗೆ ಜನ ಸೇರಿಸುವ ಕಲೆ ಗೊತ್ತಿತ್ತು ಎನ್ನಿ! 1928ರ ಫೆಬ್ರವರಿ 19ರಂದು ಲಂಡನ್ ಬಳಿಯ ಹೈ ಬೀಚ್‌ನಲ್ಲಿ ದೊಡ್ಡ ಪಂದ್ಯ ನಡೆದಾಗ ಬ್ರಿಟಿಷರ ಬಾಯಲ್ಲಿದ್ದದ್ದು 'ಡರ್ಟ್ ಟ್ರ್ಯಾಕ್', ಅಂದರೆ ಮಣ್ಣುಹಾದಿ. ಸ್ಪೀಡ್‌ವೇ ಅದನ್ನು ಮೆಲ್ಲಗೆ ಬದಿಗೆ ಸರಿಸಿತು. 1936ರಲ್ಲಿ ವೆಂಬ್ಲಿಯಲ್ಲಿ ಈ ಆಟದ ಮೊದಲ ವಿಶ್ವ ಚಾಂಪಿಯನ್ ಆದವನು ಆಸ್ಟ್ರೇಲಿಯಾದ ಲಯೊನೆಲ್ ವಾನ್ ಪ್ರಾಗ್.

ಪೋಲೆಂಡಿನವರು ಮಾತ್ರ ಹೆಸರಿಡುವಾಗ ವೇಗವನ್ನು ಬಿಟ್ಟು ನೆಲವನ್ನು ಹಿಡಿದರು. ಅವರ 'ಝುಝೆಲ್' ಎಂದರೆ ಕುಲುಮೆಯ ಕಿಟ್ಟ. ಹಳೆಯ ಅಂಕಣಗಳಿಗೆ ಹಾಸುತ್ತಿದ್ದುದು ಅದನ್ನೇ. ನನಗೆ ಈ ಹೆಸರೇ ಹೆಚ್ಚು ಹಿಡಿಸುತ್ತದೆ.

ಬಳಸುವಾಗ ಎಚ್ಚರವಿರಲಿ: ಬ್ರೇಕಿಲ್ಲದ, ಒಂದೇ ಗೇರಿನ 500 ಸಿಸಿ ಬೈಕುಗಳಲ್ಲಿ ನಾಲ್ವರು ಎಡಕ್ಕೇ ತಿರುಗುತ್ತ ನಾಲ್ಕು ಸುತ್ತು ಹಾಕುವ ಆಟಕ್ಕಷ್ಟೇ ಬೈಕ್ ಪಂದ್ಯಗಳಲ್ಲಿ ಸ್ಪೀಡ್‌ವೇ ಎಂಬ ಹೆಸರು. ಎಲ್ಲ ಬೈಕ್ ರೇಸೂ ಸ್ಪೀಡ್‌ವೇ ಅಲ್ಲ.